ಯಜಮಾನರ ಮೂಗು

ಅಂದು ಬೆಳಗಿನಿಂದಲೇ ಒಣಗಾಳಿ. ಬೀದಿಯ ಧೂಳೆಲ್ಲ ಟಿಕೆಟ್ ಕೊಳ್ಳದೆ ಮಿಠಾಯಿ ಮ್ಯೂಸಿಯಂ ಒಳಗೆ ನುಗ್ಗಿತ್ತು. ಕಾವಲುಗಾರ ಗೊಣಗುತ್ತಲೇ ಬಟ್ಟೆ ನೆನೆಸಿ ಹಿಂಡಿ, ಚಾಕೊಲೇಟ್ ಅಚ್ಚು, ತಾಮ್ರದ ಬಾಣಲೆ, ಪೆಪ್ಪರಮೆಂಟಿನ ಭರಣಿ, ಮೂಲೆಯ ಮೂರ್ತಿ, ಕಿಟಕಿ ಎಲ್ಲವನ್ನೂ ಒರೆಸಿದ. ಅವನು ಬಂದ ಮೇಲೆ ಆ ಮನೆಯಲ್ಲಿ ಧೂಳಿಗೆ ನೆಲೆಯಿರಲಿಲ್ಲ.

ಆದರೂ ಅವನ ಕೆಲಸ ಕತ್ತಿಯ ಅಂಚಿನ ಮೇಲಿತ್ತು. ಕಾರಣ, ಒಂದು ಮೂಗು.

ಊರಿಗೆ ಮೊದಲು ಮಿಠಾಯಿಯ ರುಚಿ ಹತ್ತಿಸಿದ ಯಜಮಾನರ ಮೂರ್ತಿ ಅದು. ಅವರ ಕೆಲಸದವರೇ ಸಕ್ಕರೆ ಪಾಕ ಕಾಸಿ ಎರಕ ಹೊಯ್ದದ್ದು. ಅದನ್ನು ಮುಚ್ಚಿಡಬೇಕಿದ್ದ ಗಾಜಿನ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಗಿಣಿಯ ಕೊಕ್ಕಿನಂಥ ಮೂಗು ಈಗ ಸವೆದು ಕಡಲೆಕಾಳಾಗಿತ್ತು.

"ಯಾರೋ ನೆಕ್ತಿದಾರೆ," ಎಂದಿದ್ದರು ಮ್ಯೂಸಿಯಂ ನಡೆಸುವ ಮೇಡಂ. "ಇವತ್ತು ಹಿಡೀಬೇಕು. ಇಲ್ಲಾಂದ್ರೆ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ಹೊರಡು."

'ಯಜಮಾನರ ಮೂಗು ತೆಗೆದವರನ್ನ ಇವತ್ತು ತೋರಿಸಪ್ಪ' ಎಂದು ಅವನು ದೇವರಲ್ಲಿ ಬೇಡಿಕೊಂಡ. ದೇವರೇನು ಕಿವುಡನಲ್ಲ.

ಬಾಗಿಲು ತೆರೆದ ಕೂಡಲೇ ಅಜ್ಜಿ ಬಂದಳು. ವಾರಕ್ಕೆರಡು ಸಲವಾದರೂ ಬರುವವಳು. ಬೇರೇನೂ ನೋಡಳು, ನೇರ ಮೂರ್ತಿಯ ಬಳಿ. ಕಂಕುಳಲ್ಲಿ ಅವುಚಿದ ಚೀಲ, ಸದಾ ಆಡುವ ಬಾಯಿ. ಇವತ್ತಂತೂ ಮುಖಕ್ಕೆ ಮುಖ ತಾಗುವಷ್ಟು ಬಗ್ಗಿದಳು.

"ಏನಜ್ಜಿ, ಅಷ್ಟು ಹತ್ರ?"

"ಕಣ್ಣು ಸರಿಯಿಲ್ಲಪ್ಪ."

"ಬಾಯಿ ಏನೋ ಅಗೀತಿದೆ?"

"ಹೊಸ ಹಲ್ಲಿನ ಸೆಟ್ಟು. ಸೊಸೆ ಥರ, ನನ್ನ ಮಾತೇ ಕೇಳಲ್ಲ."

"ಚೀಲ ಕೊಡಿ."

"ಅದರಲ್ಲಿ ನಿನಗೆ ಬೇಕಾದ್ದೇನೂ ಇಲ್ಲ ಮಗಾ."

ಅವನಿಗೆ ರೇಗಿತು. ಕಿತ್ತುಕೊಂಡು ಹಿಂಬಾಗಿಲ ಪಕ್ಕದ ಮೇಜಿನ ಮೇಲೆ ಸುರಿದ. ಒಂದು ಕರ್ಚೀಫು, ಹಲ್ಲಿನ ಡಬ್ಬಿ, ಮಸುಕಾದ ಫೋಟೋ. ಫೋಟೋದಲ್ಲಿ ಯಜಮಾನರು, ತೊಡೆಯ ಮೇಲೆ ಒಂದು ಹುಡುಗಿ.

"ನಮ್ಮಪ್ಪ," ಎಂದಳು ಅಜ್ಜಿ. "ಫೋಟೋ ಅಳಿಸಿಹೋಗ್ತಾ ಇದೆ. ಇಲ್ಲಿ ನೋಡಿದ್ರೆ ಇದೂ ಕರಗ್ತಾ ಇದೆ. ಮುಖ ಅಂತ ಇರೋವರೆಗಾದ್ರೂ ನೋಡ್ಕೊಂಡು ಹೋಗೋಣ ಅಂತ ಬರ್ತೀನಿ."

ಅವನ ಸಿಟ್ಟು ಇಳಿಯಲಿಲ್ಲ. ಮೇಡಂಗೆ ಏನು ಹೇಳುವುದು? "ಮಗಳಾದ್ರೆ ಸಕ್ಕರೆ ಕಹಿಯೇನಜ್ಜಿ? ನೀವಲ್ದಿದ್ರೆ ಮತ್ಯಾರು?"

"ಇರುವೆನ ಕೇಳು. ಸಕ್ಕರೆ ಎಲ್ಲಿ ಹೋಯ್ತು ಅಂತ ಅದಕ್ಕೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?"

ಗೋಡೆಯ ಬಿರುಕಿನಿಂದ ಹೊರಟ ಇರುವೆ ಸಾಲು ನೆಲದ ಮೇಲೆ ಹರಿದಿತ್ತು. ಅವನು ಬಗ್ಗಿ ಅದರ ಬೆನ್ನು ಹತ್ತಿದ. ಸಾಲು ಅಜ್ಜಿಯ ಪಾದ ಬಳಸಿತು. ಮೇಜಿನ ಕಾಲನ್ನು, ಮೇಲಿದ್ದ ಚೀಲವನ್ನು ಕಣ್ಣೆತ್ತಿಯೂ ನೋಡದೆ ಮುಂದೆ ಹೋಯಿತು. ಹಿಂಬಾಗಿಲ ಚೌಕಟ್ಟು ಹತ್ತಿತು. ಮೇಲೆ ಮೊಳೆ. ಮೊಳೆಯಲ್ಲಿ, ಅವನು ದಿನವೂ ಯಜಮಾನರ ಮುಖ ತಿಕ್ಕಿ ಒರೆಸುತ್ತಿದ್ದ ಒದ್ದೆ ಬಟ್ಟೆ, ಇರುವೆ ಮುತ್ತಿ ಕಪ್ಪಾಗಿತ್ತು.

ಅವನು ಒಂದೊಂದಾಗಿ ಎಲ್ಲವನ್ನೂ ಚೀಲಕ್ಕೆ ತುಂಬಿ, ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಕೊಟ್ಟ.