ಮೂರನೆಯ ರಬ್ಬರ್ ತುಂಡು

ಮೇಜಿನ ಖಾನೆ ತೆರೆದಾಗ ಬರುವ ರಬ್ಬರ್ ವಾಸನೆ ನನ್ನನ್ನು ಈಗಲೂ ಅಬುಧಾಬಿಯ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ಯುತ್ತದೆ.

ಅಲ್ಲಿಯ ಪಾಯಿಂಟ್ ಟೂ ಟೂ ರೈಫಲ್ಲಿನ, ಭುಜಕ್ಕೆ ಒತ್ತಿ ಹಿಡಿಯುವ ಬಟ್ ಹತ್ತು ವರ್ಷದ ನನಗೆ ತೀರಾ ಉದ್ದವಾಗಿತ್ತು. ಆ ಮಧ್ಯಾಹ್ನ ಅಪ್ಪ ತರಿಸಿದ್ದ ಗಿಡ್ಡ ಬಟ್ಟನ್ನು ಕೋಚ್ ಕೂರಿಸಿದರು. ಜೊತೆಗೆ ಮೂರು ದಪ್ಪ ರಬ್ಬರ್ ತುಂಡುಗಳಿದ್ದವು, ನಾನು ಬೆಳೆದ ಹಾಗೆ ಒಂದೊಂದಾಗಿ ಜೋಡಿಸಿ ಉದ್ದ ಮಾಡಲು.

“ಮೂರು ಯಾಕೆ ಮಾರಾಯ್ರೆ? ಇವಳು ನನ್ನ ಹಾಗೆ ಗಿಡ್ಡವೇ,” ಅಂದಳು ಅಮ್ಮ.

“ಯೂನಿಫಾರ್ಮಿಗೆ ನೀನು ಮಡಿಕೆ ಬಿಟ್ಟು ಹೊಲಿಸುದಿಲ್ವಾ? ಹಾಗೇ,” ಅಂದರು ಅಪ್ಪ.

ಕೆನ್ನೆ ಒರಗಿಸಿದೆ. ಮೊದಲ ಸಲ ಕತ್ತು ಚಾಚದೆಯೇ ಗುರಿ ನೇರ ಕಂಡಿತು.

ಮುಂದೆ ಎರಡು ತುಂಡು ಬಳಕೆಯಾದವು. ಮೂರನೆಯದು ಬೇಕಾಗುವಷ್ಟು ನಾನು ಬೆಳೆಯಲಿಲ್ಲ. ಕೆಲಸಕ್ಕೆ ಸೇರಿದ ವರ್ಷ ಅದನ್ನು ಎಸೆಯಲು ಹೊರಟಾಗ ಅಪ್ಪ ನನ್ನ ಕೈಯಿಂದ ತೆಗೆದುಕೊಂಡು ಖಾನೆಗೆ ಹಾಕಿದರು.

“ಇರ್ಲಿ. ಇನ್ನೂ ಟೈಮುಂಟು.”