ಅಡ್ಮಿನ್ ಪಾಸ್‌ವರ್ಡ್

"ಕೂತ್ಕೋ ಇಲ್ಲಿ. ನಿನ್ ಕಣ್ಣೆದುರಿಗೇ ಕಳಿಸ್ತೀನಿ," ಎಂದು ಗಂಡ ಕುರ್ಚಿ ಎಳೆದ.

ಹೆಂಡತಿ ಬಾಗಿಲ ಕಡೆ ನೋಡಿದಳು. ಅವನು ಆಗಲೇ ಚಿಲಕ ಹಾಕಿದ್ದ.

ಮನೆಯ ಕಂಪ್ಯೂಟರಿನಲ್ಲಿ ಇಬ್ಬರಿಗೂ ಬೇರೆ ಬೇರೆ ಅಕೌಂಟ್ ಇತ್ತು. ಅಡ್ಮಿನ್ ಮಾತ್ರ ಅವನೇ. ತನ್ನ ಪಾಸ್‌ವರ್ಡ್ ಇಲ್ಲದೆ ಅವಳ ಅಕೌಂಟಿನಲ್ಲಿ ಹೊಸ ಪ್ರೋಗ್ರಾಂ ಯಾವುದೂ ನಡೆಯದಂತೆ ಮಾಡಿಟ್ಟಿದ್ದ. ಬಿಡುವಿನಲ್ಲಿ ಪ್ರೋಗ್ರಾಂ ಬರೆಯುವುದು ಅವನ ಹುಚ್ಚು. ಈಗ ಬರೆದಿದ್ದು, ಯಾರ ಹೆಸರಲ್ಲಿ ಓಡುತ್ತದೋ ಅವರ ಫೋಟೋ ಫೋಲ್ಡರಿನಲ್ಲಿರುವುದನ್ನೆಲ್ಲ ಒಂದೂ ಬಿಡದೆ ಅವಳ ಅಪ್ಪನಿಗೆ ಮೇಲ್ ಮಾಡುವಂಥದ್ದು.

"ಫೋಟೋದಲ್ಲಿ ಯಾವನದೋ ಪಕ್ಕ ನಿಂತು ಹಲ್ಲು ಬಿಟ್ಟಿದೀಯಲ್ಲ, ನಿಮ್ಮಪ್ಪನೂ ನೋಡ್ಲಿ."

"ಅದು ಕಾಲೇಜ್ ಟೂರ್‌ದು ರೀ. ಬೇಡ, ದಮ್ಮಯ್ಯ."

ಅವನು ಅವಳ ಅಕೌಂಟ್ ತೆರೆದು ಪ್ರೋಗ್ರಾಂ ಮೇಲೆ ಒತ್ತಿದ. ವಿಂಡೋಸ್ ಪರದೆ ಮಂಕಾಗಿ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ನಗುತ್ತಾ ತನ್ನದನ್ನು ಟೈಪ್ ಮಾಡಿದ.

"ನಿಮ್ ಪಾಸ್‌ವರ್ಡ್ ಹಾಕಿದ್ರೆ ಅದು ನಿಮ್ ಹೆಸರಲ್ಲೇ ಓಡಲ್ವಾ?" ಅವಳು ಮೆಲ್ಲಗೆ ಕೇಳಿದಳು.

"ನಂಗೇ ಕಂಪ್ಯೂಟರ್ ಹೇಳ್ಕೊಡ್ತೀಯಾ? ಬಾಯ್ಮುಚ್ಚು."

ಹಸಿರು ಪಟ್ಟಿ ನಿಧಾನವಾಗಿ ತುಂಬತೊಡಗಿತು. ಅವನು ಅಂದುಕೊಂಡಿದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಕೊನೆಗೆ, ಎಲ್ಲವೂ ತಲುಪಿದೆ ಎಂಬ ಸಾಲು ಮೂಡಿತು.

ಸ್ವಲ್ಪ ಹೊತ್ತಿಗೇ ಅವನ ಮೊಬೈಲ್ ಹೊಡೆದುಕೊಂಡಿತು. ಮಾವ. ಅವಳಿಗೂ ಕೇಳಲೆಂದು ಅವನು ಸ್ಪೀಕರ್ ಹಾಕಿದ.

"ಹೇಳಿ ಮಾವ, ನೋಡಿದ್ರಾ?"

"ಒಂದೂ ಬಿಡದೆ ನೋಡ್ದೆ ಅಳಿಯಂದ್ರೇ," ಎಂದಿತು ತಣ್ಣನೆಯ ದನಿ. "ಎಲ್ಲದ್ರಲ್ಲೂ ನೀವೇ ಇದೀರಿ. ನಿಮ್ಮನ್ನ ತಬ್ಕೊಂಡಿರೋ ಹೆಂಗಸು ಯಾರು?"