ಒಳಗೆ ಬಿಟ್ಟ ಬಟ್ಟೆ

“ಒಳಗೆ ಉಳಿದಿರೋ ಬಟ್ಟೆ ಕತ್ತರಿಸಿಬಿಡಿ” ಎಂದಳು ಟೈಲರಮ್ಮ, ಮಂಚದ ಮೇಲಿಂದಲೇ. ಅವಳ ಅಂಗಿ ತೊಡೆಯ ಮೇಲಿಟ್ಟುಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ ಗಂಡ ತನ್ನ ಕಿವಿಯನ್ನೇ ನಂಬಲಿಲ್ಲ. ಬೀದಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು, ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಡದೆ ಯಾರ ಅಂಗಿಯನ್ನೂ ಮುಗಿಸಿದವಳಲ್ಲ. “ನಾಳೆ ಮೈ ತುಂಬಿಕೊಂಡ್ರೆ ಬಿಚ್ಚಿ ದೊಡ್ಡದು ಮಾಡೋದು ಬೇಡ್ವಾ?” ಎನ್ನುತ್ತಿದ್ದಳು.

ಕಾಯಿಲೆ ಬಿದ್ದು ಅವಳ ಬೆರಳು ಸೂಜಿ ಹಿಡಿಯಲಾರದಂತಾದ ಮೇಲೆ ಕೈಹೊಲಿಗೆ ಅವನ ಪಾಲಿಗೆ ಬಂದಿತ್ತು. ಮೊದಲ ಸಲ ತನ್ನ ಪ್ಯಾಂಟಿನ ಅಂಚು ಮಡಿಸಿ ಹೊಲಿಯಲು ಹೋಗಿ, ಕಾಲಿನ ಮುಂದಿನ ಪದರವನ್ನೂ ಹಿಂದಿನದನ್ನೂ ಸೇರಿಸಿ ಹೊಲಿದು, ಕಾಲೇ ತೂರದ ಹಾಗೆ ಮಾಡಿಟ್ಟಿದ್ದ. “ಬಸ್ ಓಡಿಸೋ ಕೈಗೆ ಸೂಜಿ ಕೊಟ್ಟಿದ್ದು ನಂದೇ ತಪ್ಪು” ಎಂದು ಅವಳು ಕೆಮ್ಮು ಬರುವವರೆಗೂ ನಕ್ಕಿದ್ದಳು. ಈಗ ಕೈ ಪಳಗಿತ್ತು. ಅವಳು ಸೊರಗಿದಂತೆಲ್ಲ ಅಂಗಿಯ ಎರಡೂ ಪಕ್ಕಗಳನ್ನು ಒಳಕ್ಕೆ ಹಿಡಿದು ಹೊಲಿಯುತ್ತಿದ್ದ. ಒಳಗಿನ ಮಡಿಕೆ ಮಾತ್ರ ದಪ್ಪವಾಗುತ್ತಲೇ ಹೋಗಿತ್ತು.

“ಇರಲಿ ಬಿಡೇ. ಮತ್ತೆ ದಪ್ಪ ಆಗ್ತೀಯಲ್ಲ, ಆಗ ಬೇಕಾಗುತ್ತೆ.”

“ಪಕ್ಕೆಗೆ ಒತ್ತುತ್ತೆ ರೀ, ಮಗ್ಗುಲಾಗೋಕೇ ಆಗಲ್ಲ. ಕತ್ತರಿಸಿ.”

ಅವನು ಕತ್ತರಿ ಕೈಗೆತ್ತಿಕೊಂಡ. ಉದ್ದನೆಯ ಪಟ್ಟಿಯೊಂದು ಹಾಸಿಗೆಯ ಮೇಲೆ ಬಿತ್ತು. ಇಷ್ಟು ದಿನ ಮಡಿಕೆಯೊಳಗೇ ಇದ್ದುದರಿಂದ ಅದರ ನೀಲಿ ಹೊಸದರಂತೆಯೇ ಇತ್ತು. ಟೈಲರಮ್ಮ ಅದನ್ನು ಬೆರಳಿನಿಂದ ಒಮ್ಮೆ ಸವರಿ ಪಕ್ಕಕ್ಕಿಟ್ಟಳು.

ಅವನು ಮೆಲ್ಲಗೆ ಕತ್ತರಿ ಕೆಳಗಿಡಲು ಹೋದ.

“ಆ ಕಡೇದೂ” ಎಂದಳು.